ಸಮೀಕ್ಷೆಯಲ್ಲೂ ಇಲ್ಲ, ವಂಶಾವಳಿಯಲ್ಲೂ ಇಲ್ಲ: ಮುತ್ತು ಕಟ್ಟಿಸಿಕೊಂಡ ತಾಯಿಯೊಬ್ಬಳ ಪ್ರಕರಣ

ದೇವದಾಸಿ ತಾಯಿಯೊಬ್ಬಳ ಮತ್ತು ಅವಳ ಮಗಳ ಈ ಪ್ರಕರಣ ಶುರುವಾದದ್ದು ಒಂದು ಹಕ್ಕುಬಿಡುಗಡೆ ಪತ್ರದಿಂದ. ಆಗಷ್ಟೇ 18 ತುಂಬಿದ ಹುಡುಗಿಯ ಮುಂದೆ ಛಾಪಾ ಕಾಗದ ಇಟ್ಟು, ತಂದೆಯ ಹೊಲದಲ್ಲಿ ನನಗೆ ಯಾವ ಹಕ್ಕೂ ಬೇಡ ಎಂದು ಸಹಿ ಮಾಡಲು ಹೇಳಿದ್ದರು. ಕಾಗದದಲ್ಲಿ ತಂದೆ ಎಂದು ಬರೆದಿದ್ದ ಹೆಸರು ಆಕೆಯ ಸೋದರಮಾವನದು. ಸಹಿ ಕೇಳಿದವರು ಆ ಮಾವ ಮತ್ತು ಆತನ ಹೆಂಡತಿ. ಹುಡುಗಿ ಸಹಿ ಹಾಕದೆ, ಕಾಗದದ ಫೋಟೊ ತೆಗೆದುಕೊಂಡು, ಕಾನೂನು ನೆರವಿನ ಕೆಲಸ ಮಾಡುವ ನಮ್ಮ ಬಳಿ ಬಂದಳು.

ಊರು ಸವದತ್ತಿ ಸೀಮೆಯದು, ಮಲಪ್ರಭೆಯ ಆಚೀಚೆ ಎನ್ನುವಷ್ಟು ಸಾಕು. ಯಾರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ತಾಯಿ, ಮಗಳು, ಮಾವ, ದೊಡ್ಡವ್ವ ಎಂದೇ ಕರೆಯುತ್ತೇನೆ.

ತಾಯಿ ಹುಟ್ಟಿದ್ದು 1986ರಲ್ಲಿ, ಪರಿಶಿಷ್ಟ ಜಾತಿಯ ಕುಟುಂಬದಲ್ಲಿ. ಮನೆಗೆ ಮೂರು ಎಕರೆ ಎರಿ ಹೊಲ. ಮಳೆ ಬಂದರೆ ಬಿಳಿಜೋಳ, ಕಡಲೆ. ಅಪ್ಪ ಬೇಗ ತೀರಿಕೊಂಡ. ತಮ್ಮ ಇನ್ನೂ ಕೂಸು. ಹುಡುಗಿಯ ಕೂದಲು ಗಂಟು ಬಿದ್ದು ಜಡೆಯಾದಾಗ ಮನೆಯವರಿಗೆ ಅದು ಎಲ್ಲಮ್ಮನ ಕರೆಯಾಗಿ ಕಂಡಿತು. ಅವಳ ದೊಡ್ಡವ್ವ ಆಗಲೇ ಎಲ್ಲಮ್ಮನಿಗೆ ಬಿಟ್ಟ ಜೋಗತಿಯಾಗಿದ್ದಳು. 1998ರಲ್ಲಿ, ಅವಳಿನ್ನೂ ಮೈನೆರೆಯದ 12 ವರ್ಷದವಳು, ಮುತ್ತು ಕಟ್ಟಿದರು, ಅಂದರೆ ಎಲ್ಲಮ್ಮನಿಗೆ ದೇವದಾಸಿಯಾಗಿ ಬಿಟ್ಟರು.

ಕಟ್ಟಿದ್ದು ಸವದತ್ತಿಯ ಎಲ್ಲಮ್ಮನ ಗುಡ್ಡದ ಮೇಲಲ್ಲ. ದೊಡ್ಡವ್ವನ ಕಾಲಕ್ಕೆ ಜೋಗುಳಬಾವಿಯಲ್ಲಿ ಮಿಂದು, ಬೇವಿನ ಸೊಪ್ಪು ಉಟ್ಟು, ಮೈತುಂಬ ಭಂಡಾರ ಹಚ್ಚಿಕೊಂಡು, 'ಉಧೋ ಉಧೋ' ಅನ್ನುವ ಜನರ ನಡುವೆ ಹೋಗುತ್ತಿದ್ದರು. 1998ರ ಹೊತ್ತಿಗೆ ಗುಡ್ಡದಲ್ಲಿ ಪೊಲೀಸರು, ಕಾರ್ಯಕರ್ತರು, ಕಾಯ್ದೆಯ ಬೋರ್ಡುಗಳು. ಹಾಗಾಗಿ ಮನೆಯೊಳಗೇ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಅಕ್ಕಿ ಹೊಯ್ದು, ಸುತ್ತ ಜೋಗತಿಯರು ಕೂತು, ಕೆಂಪು ಬಿಳಿ ಮಣಿಯ ಸರ ಕೊರಳಿಗೆ ಕಟ್ಟಿದರು. ಮಂಗಳವಾರ, ಶುಕ್ರವಾರ ಎಲ್ಲಮ್ಮನ ಹೆಸರಿನಲ್ಲಿ ಐದು ಮನೆ ಜೋಗ ಬೇಡಬೇಕು ಎಂದು ಹೇಳಿಕೊಟ್ಟರು. ಚೌಡಕಿಯನ್ನು ಬಾರಿಸಲಿಲ್ಲ, ಸದ್ದು ಹೊರಗೆ ಹೋದೀತೆಂದು. ಆ ಸರ ಈಗಲೂ ಅವಳ ಬಳಿ ಇದೆ. ಕೊರಳಲ್ಲಿ ಹಾಕುವುದಿಲ್ಲ, ಹಳೆಯ ಪೌಡರ್ ಡಬ್ಬಿಯಲ್ಲಿ ಭಂಡಾರದ ಜೊತೆ ಇಟ್ಟಿದ್ದಾಳೆ. ದಾರ ಎರಡು ಸಲ ಹರಿದು ಮತ್ತೆ ಪೋಣಿಸಿದ್ದು, ಬಿಳಿ ಮಣಿಗಳೆಲ್ಲ ಅರಿಶಿನಕ್ಕೆ ತಿರುಗಿವೆ. 'ಹರದ ಒಗದ್ರ ಮನಿಗೆ ಕೇಡು ಅಂತಾರ್ರೀ ಅಕ್ಕಾರ, ಹಾಕ್ಕೊಂಡ್ರ ಮಗಳಿಗೆ ಕೇಡು' ಎಂದಳು. ಅದಕ್ಕೇ ಡಬ್ಬಿ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಅವಳೂ ಹಾಗೆಯೇ ಹೇಳಿದ್ದು. ಮೈನೆರೆದ ಮೇಲೆ ಪಕ್ಕದೂರಿನ ಒಬ್ಬ ಹೊಲಮನೆಯುಳ್ಳ ಗೃಹಸ್ಥ. ಆಮೇಲೆ ಎರಡು ವರ್ಷ ಸಾಂಗ್ಲಿ. ಅಲ್ಲಿಂದ ಕಳಿಸಿದ ದುಡ್ಡಿನಲ್ಲಿ ತಮ್ಮ ಓದಿದ, ಲೈಸೆನ್ಸ್ ಮಾಡಿಸಿದ, ಮುಂದೆ ಸರ್ಕಾರಿ ಸಂಬಳದ ಬಸ್ ಚಾಲಕನಾದ. ಅವಳು ಊರಿಗೆ ಮರಳಿದಳು. ಆ ಗೃಹಸ್ಥ ಮತ್ತೆ ಬಂದುಹೋಗಲು ಶುರುಮಾಡಿದ, 2007ರಲ್ಲಿ ಮಗಳು ಹುಟ್ಟಿದಳು, ಅವನು ಬರುವುದು ನಿಂತಿತು. ತನ್ನವ್ವ ಸತ್ತಾಗ ಮಗನ ಸ್ಥಾನದಲ್ಲಿ ಮುಂದೆ ನಿಂತು ಮಣ್ಣು ಕೊಟ್ಟವಳೂ ಇವಳೇ.

ಕಾಯ್ದೆ ಮನೆ ಬಾಗಿಲಿಗೆ ಬಂದ ದಿನ

ಸವದತ್ತಿ ಸೀಮೆಗೆ ಇದರ ಮೇಲಿನ ಕಾನೂನು ಹೊಸದೇನಲ್ಲ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳ ಸೇವೆಯಿಂದ ದೇವದಾಸಿಯರನ್ನು ಹೊರಗಿಟ್ಟಿತು. ಈ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಇಲ್ಲಿಗೆ 1934ರಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಬಂತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ 1982ರ ಸಮರ್ಪಣಾ ನಿಷೇಧ ಕಾಯ್ದೆ, 1984ರಲ್ಲಿ ಜಾರಿ. ಅದರ ಪ್ರಕಾರ ಸಮರ್ಪಣೆಯೇ ಅಸಿಂಧು. ಮುತ್ತು ಕಟ್ಟಿದ ಮಾತ್ರಕ್ಕೆ ಹೆಣ್ಣು ದೇವರ ಹೆಂಡತಿ ಆಗುವುದಿಲ್ಲ, ಮದುವೆಯಾಗುವ ಹಕ್ಕು ಕಳೆದುಕೊಳ್ಳುವುದಿಲ್ಲ. ಭಾಗವಹಿಸಿದವರಿಗೆ ಮೂರು ವರ್ಷದವರೆಗೆ ಜೈಲು. ಅಪ್ಪ, ಅವ್ವ, ಪೋಷಕರು, ಸಂಬಂಧಿಕರೇ ಕಟ್ಟಿಸಿದ್ದರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ.

ಈ ಕೊನೆಯ ಮಾತೇ ನಮ್ಮ ಪ್ರಕರಣದ ಕೀಲು. ಮನೆಯವರಿಗೆ ಹೆಚ್ಚಿನ ಶಿಕ್ಷೆ ಇಟ್ಟದ್ದು ತಪ್ಪು ಎಂದು ನಾನು ಹೇಳುವುದಿಲ್ಲ, ಕೂಸನ್ನು ಕಾಯಬೇಕಾದವರು ಅವರೇ. ಆದರೆ ಅದೇ ಸರ್ಕಾರ ಇನ್ನೊಂದು ಬಾಗಿಲಿನಿಂದ ಬಂದು, ನಿಮ್ಮ ಮನೆಯಲ್ಲಿ ದೇವದಾಸಿಯರು ಇದ್ದಾರೇನು, ಇದ್ದರೆ ಬರೆಸಿ, ಸವಲತ್ತು ಕೊಡುತ್ತೇವೆ ಎಂದು ಕೇಳಿದರೆ ಏನಾಗುತ್ತದೆ?

ಪುನರ್ವಸತಿ ಯೋಜನೆ ಶುರುವಾದದ್ದು 1990ರ ದಶಕದ ಆರಂಭದಲ್ಲಿ, ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಮೂಲಕ. 1993-94ರ ಸಮೀಕ್ಷೆಯಲ್ಲಿ 22,873 ಮಹಿಳೆಯರನ್ನು ಗುರುತಿಸಿದರು. ಬಿಟ್ಟುಹೋದವರಿಗಾಗಿ 2007-08ರಲ್ಲಿ ಮತ್ತೊಮ್ಮೆ ನಡೆದಾಗ 23,787. ಒಟ್ಟು 46,660. ಆಮೇಲಿನ ಮಾಸಾಶನ, ಮನೆ, ಸಾಲ, ಮಕ್ಕಳ ಮದುವೆಗೆ ಪ್ರೋತ್ಸಾಹಧನ, ಎಲ್ಲದಕ್ಕೂ ಈ ಪಟ್ಟಿಯೇ ಆಧಾರ. ಪಟ್ಟಿಯಲ್ಲಿದ್ದರೆ ನೀನು ಮಾಜಿ ದೇವದಾಸಿ. ಇಲ್ಲದಿದ್ದರೆ ಯಾರೂ ಅಲ್ಲ.

ದೊಡ್ಡವ್ವನ ಹೆಸರು ಮೊದಲ ಸಮೀಕ್ಷೆಯಲ್ಲೇ ಬಂತು. ಅವಳಿಗೆ ಮುತ್ತು ಕಟ್ಟಿದ್ದು ಕಾಯ್ದೆಗಿಂತ ಎಷ್ಟೋ ಮುಂಚೆ, ಕಟ್ಟಿಸಿದ ಯಾರೂ ಬದುಕಿರಲಿಲ್ಲ, ಬರೆಸಲು ಭಯವಿರಲಿಲ್ಲ. ಎರಡನೇ ಸಮೀಕ್ಷೆಯವರು ಬಂದಾಗ ಅದೇ ಮನೆಯ ಒಳಗೋಣೆಯಲ್ಲಿ ಇವಳು ಎಳೆಗೂಸನ್ನು ಮಲಗಿಸಿಕೊಂಡಿದ್ದಳು. ಹೊರಗೆ ಅವ್ವ ಹೇಳಿದ ಮಾತು ಇವಳಿಗೆ ಇನ್ನೂ ನೆನಪಿದೆ: 'ಇಕಿಗೆ ಲಗ್ನ ಆಗೇತ್ರಿ, ಗಂಡ ದುಡ್ಯಾಕ ಹೋಗ್ಯಾನ.' ಹೌದೆಂದಿದ್ದರೆ ಆ ಮುದುಕಿಗೆ ಕನಿಷ್ಠ ಎರಡು ವರ್ಷದ ಭಯ. ಅವಳು ಸುಳ್ಳು ಹೇಳಿದಳು, ಮಗಳು ಪಟ್ಟಿಯಿಂದ ಹೊರಗುಳಿದಳು.

1984ರ ನಂತರ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿದವರಿಗೆಲ್ಲ ಈ ಕಥೆ ಗೊತ್ತು. ಪಟ್ಟಿಯಲ್ಲಿ ಹಿರಿಯರೇ ಹೆಚ್ಚು, ಕಿರಿಯರು ಕಡಿಮೆ ಎಂದಾಗ, ಪದ್ಧತಿ ಸಾಯುತ್ತಿದೆ ಎಂದು ಹೇಳುವವರಿದ್ದಾರೆ. ಕಡಿಮೆಯಾಗಿದೆ ನಿಜ, ನಾನೂ ಕಂಡಿದ್ದೇನೆ. ಆದರೆ ಪಟ್ಟಿಯನ್ನು ನೋಡಿ ಆ ಮಾತು ಹೇಳಬಾರದು. ಅಪರಾಧ ಒಪ್ಪಿಕೊಂಡರೆ ಮಾತ್ರ ಸೇರಿಸಿಕೊಳ್ಳುವ ಪಟ್ಟಿ ಅದು.

ಶಾಲೆಯ ರಿಜಿಸ್ಟರ್

ಮಗಳನ್ನು ಒಂದನೇ ತರಗತಿಗೆ ಸೇರಿಸುವಾಗ ತಂದೆಯ ಹೆಸರಿನ ಕಾಲಂ ಬಂತು. ಕರೆದುಕೊಂಡು ಹೋದದ್ದು ಮಾವ. ಮಾಸ್ತರರು ಒಳ್ಳೆಯ ಮನಸ್ಸಿನಿಂದಲೇ, 'ನಿಮ್ಮ ಹೆಸರ ಹಾಕ್ತೀನಿ ಬಿಡ್ರಿ, ಕೂಸಿಗೆ ತ್ರಾಸ ಆಗಬಾರದು' ಎಂದರಂತೆ. ಈ ಭಾಗದ ಶಾಲೆಗಳಲ್ಲಿ ಇದು ಹೊಸದಲ್ಲ. ಅಜ್ಜನ ಹೆಸರು, ಮಾವನ ಹೆಸರು, ಕೆಲವೊಮ್ಮೆ ಯಲ್ಲಪ್ಪ ಎಂಬ ದೇವರ ಹೆಸರು, ಏನೋ ಒಂದು ಬರೆದು ಆ ಚೌಕ ತುಂಬುತ್ತಾರೆ. ನಾನು ಆ ರಿಜಿಸ್ಟರ್ ನೋಡಿದೆ. ನೀಲಿ ಶಾಯಿಯಲ್ಲಿ ದುಂಡಗಿನ ಅಕ್ಷರ. ತಾಯಿಯ ಹೆಸರು ಸರಿಯಾಗಿದೆ. ತಂದೆಯ ಹೆಸರಿನ ಜಾಗದಲ್ಲಿ ಮೊದಲು ಒಂದು ಗೆರೆ ಎಳೆದು, ಆ ಗೆರೆಯ ಮೇಲೆಯೇ ಮಾವನ ಹೆಸರು ಬರೆದಿದ್ದಾರೆ. ಅಲ್ಲಿಂದ ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಜಾತಿ ಪ್ರಮಾಣಪತ್ರಕ್ಕೆ, ಆಧಾರ್‌ಗೆ ಇಳಿಯಿತು.

ಪಿಯುಸಿ ಮುಗಿಸಿದ ಹುಡುಗಿಗೆ ನರ್ಸಿಂಗ್ ಓದುವ ಆಸೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪೋಷಕರ ವಾರ್ಷಿಕ ಆದಾಯ ಎರಡೂವರೆ ಲಕ್ಷ ದಾಟಬಾರದು. ಕಾಗದದ ಮೇಲಿನ ತಂದೆಗೆ ಸರ್ಕಾರಿ ಸಂಬಳ. ಅರ್ಜಿ ತಿರಸ್ಕೃತವಾಯಿತು. ಅಕ್ಕ ಸಾಂಗ್ಲಿಯಲ್ಲಿ ದುಡಿದು ತಮ್ಮನಿಗೆ ಮಾಡಿಕೊಟ್ಟ ಸಂಬಳವೇ ಅಕ್ಕನ ಮಗಳ ವಿದ್ಯಾರ್ಥಿವೇತನಕ್ಕೆ ಅಡ್ಡ ಬಂತು. ಮನೆಯಲ್ಲಿ ಕೂಲಿ ಮಾಡಿ ಉಣ್ಣುವವರು ಇಬ್ಬರೇ, ತಾಯಿ ಮಗಳು.

ಇದೇ ಹೊತ್ತಿಗೆ ಮಾವನ ಹೆಂಡತಿಗೆ ಭಯ ಹತ್ತಿತು. ಅವಳಿಗೂ ಎರಡು ಮಕ್ಕಳು. ಅಂಕಪಟ್ಟಿ ಹಿಡಿದುಕೊಂಡು ಈ ಹುಡುಗಿ ನಾಳೆ ನಾನೂ ಮಗಳೇ ಎಂದು ಬಂದರೆ? ಆ ಭಯ ಸುಳ್ಳಿನಿಂದಲೇ ಹುಟ್ಟಿದ್ದಾದರೂ ಅರ್ಥವಾಗದ್ದೇನಲ್ಲ. ಛಾಪಾ ಕಾಗದ ಬಂದದ್ದು ಹೀಗೆ.

ದಾಖಲೆ ತಿದ್ದಿಸೋಣ ಎಂದು ನಾವು ಹೇಳಿದಾಗ ವಿರೋಧ ಬಂದದ್ದು ಮಾವನ ಕಡೆಯಿಂದಲ್ಲ, ತಾಯಿಯಿಂದ.

'ಅಕ್ಕಾರ, ಹೆಸರು ಹ್ಯಾಂಗೈತಿ ಹಂಗ ಇರ್ಲಿ ಬಿಡ್ರಿ. ಈಗ ತಗಿಸಿದ್ರ ಊರಾಗೆಲ್ಲಾ ಜೋಗತಿ ಮಗಳು ಅಂತಾರ.'

ಮಗಳು ಕುಕ್ಕುರುಗಾಲಲ್ಲಿ ಕೂತು ನೆಲ ನೋಡುತ್ತಿದ್ದಳು. 'ಈಗೇನ್ ಅನ್ನೂದಿಲ್ಲೇನ್‌ಬೇ ಯವ್ವಾ?' ಎಂದಳು. 'ಮಾಮಾನ ಹೆಸರ ಹೇಳಿದಾಗೆಲ್ಲಾ ನನಗ ಸುಳ್ಳ ಹೇಳಿದಂಗ ಆಕ್ಕೈತಿ. ನಿನ್ನ ಹೆಸರ ಸಾಕು ನನಗ.'

ತಾಯಿ ಒಪ್ಪಲು ವಾರಗಳೇ ಹಿಡಿದವು. ನಾವು ಒತ್ತಾಯ ಮಾಡಲಿಲ್ಲ. ಹೊರಗಿನಿಂದ ಬರುವ ನಮ್ಮಂಥವರು ಸತ್ಯ ಹೇಳಿ ಎಂದು ಹೇಳುವುದು ಸುಲಭ. ಆ ಸತ್ಯವನ್ನು ಹೊತ್ತು ಊರ ಓಣಿಯಲ್ಲಿ ನೀರಿಗೆ ಹೋಗಬೇಕಾದವಳು ಅವಳು. ನಾವು ಮಾಡಿದ್ದು, ಕಾನೂನು ಎಲ್ಲಿಗೆ ಬಂದಿದೆ ಎಂದು ಮತ್ತೆ ಮತ್ತೆ ಹೇಳಿದ್ದಷ್ಟೆ. ಮದುವೆಯಿಲ್ಲದೆ ತಾಯಿಯಾದವಳು ತಂದೆಯ ಹೆಸರು ಹೇಳದೆಯೇ ಪೋಷಕಿಯಾಗಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ತಾಯಿಯೊಬ್ಬಳೇ ಪೋಷಕಿಯಾಗಿದ್ದರೆ ಪ್ಯಾನ್ ಕಾರ್ಡಿಗೆ ತಂದೆಯ ಹೆಸರು ಕಡ್ಡಾಯವಲ್ಲ ಎಂದು 2018ರಲ್ಲಿ ನಿಯಮ ಬದಲಾಗಿದೆ. ಮಗುವಿನ ಜಾತಿ ತಂದೆಯದ್ದೇ ಎಂಬುದು ಮುರಿಯಲಾಗದ ನಿಯಮವಲ್ಲ, ತಾಯಿಯ ಬದುಕಿನಲ್ಲೇ ಬೆಳೆದ ಮಗು ಅದನ್ನು ತೋರಿಸಿಕೊಟ್ಟು ತಾಯಿಯ ಜಾತಿ ಪಡೆಯಬಹುದು ಎಂಬುದು 2012ರ ತೀರ್ಪು. ಇದರ ನಡುವೆಯೇ, 2025ರ ಆಗಸ್ಟ್‌ನಲ್ಲಿ, ವಿಧಾನಮಂಡಲ ದೇವದಾಸಿ ಪದ್ಧತಿಯ ಕುರಿತ ಹೊಸ ಮಸೂದೆಯನ್ನು ಅಂಗೀಕರಿಸಿತು. 1982ರ ಕಾಯ್ದೆ ಮುಖ್ಯವಾಗಿ ಶಿಕ್ಷೆಯ ಕಾಯ್ದೆ. ಹೊಸದರಲ್ಲಿ ಮಕ್ಕಳಿಗೂ ಜಾಗವಿದೆ: ದೇವದಾಸಿಯ ಮಕ್ಕಳು ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ, ಬೇಕಾದರೆ ತಂದೆ ಯಾರೆಂದು ಕಾನೂನಿನ ಮೂಲಕ ಸಾಬೀತು ಮಾಡಿಸಿಕೊಳ್ಳುವ ದಾರಿಯೂ ಇದೆ.

ಆ ಎರಡನೇ ದಾರಿಯ ಬಗ್ಗೆ ಮಗಳನ್ನು ಕೇಳಿದೆವು. ಅವಳಿಗೆ ಆ ಗೃಹಸ್ಥ ಯಾರೆಂದು ಗೊತ್ತು, ಸಂತೆಯಲ್ಲಿ ನೋಡಿದ್ದಾಳೆ. ಬೇಡ ಎಂದಳು. ಅದು ಅವಳ ತೀರ್ಮಾನ, ಕಡತದಲ್ಲಿ ಹಾಗೆಯೇ ಬರೆದೆವು.

ಹೊಲ ಯಾರದು

ಹಕ್ಕುಬಿಡುಗಡೆ ಪತ್ರಕ್ಕೆ ಉತ್ತರ ಕೊಡಲು ಹೊಲದ ಉತಾರ (ಪಹಣಿ) ತೆಗೆಸಿದಾಗ ಪ್ರಕರಣ ಇನ್ನೊಂದು ದಿಕ್ಕಿಗೆ ಹೊರಳಿತು. ಹೊಲ ಇನ್ನೂ ಸತ್ತ ಅಜ್ಜನ ಹೆಸರಿನಲ್ಲೇ ಇತ್ತು. ಮಾವ ವಾರಸಾ ಹಚ್ಚಿಸಲು, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಟ್ಟಿದ್ದ. ಅದಕ್ಕೆ ಲಗತ್ತಿಸಿದ ವಂಶಾವಳಿಯಲ್ಲಿ ಅಜ್ಜ, ಅಜ್ಜಿ, ಅವರ ಕೆಳಗೆ ಒಬ್ಬನೇ ಮಗ. ಅಕ್ಕನ ಹೆಸರೇ ಇಲ್ಲ.

ಕೇಳಿದರೆ ಮಾವ ತಬ್ಬಿಬ್ಬಾದ. ಅವನು ಕೆಟ್ಟವನಲ್ಲ. ಊರಿನಲ್ಲಿ ಎಲ್ಲರೂ ಹಾಗೆಯೇ ಬರೆಸುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೇ ಬಿಡುತ್ತಾರೆ, ಇನ್ನು ದೇವರಿಗೆ ಬಿಟ್ಟವಳು ಯಾವ ಲೆಕ್ಕ! 'ಆಕಿ ದೇವರ ಪಾಲ್ರಿ' ಎಂದ.

ಇಲ್ಲಿ ಹಳೆಯ ಪದ್ಧತಿಯ ಒಂದು ಮಗ್ಗುಲನ್ನು ಹೇಳಬೇಕು. ಬಳ್ಳಾರಿ ಕಡೆ ಹೆಣ್ಣುಮಗಳನ್ನು ದೇವರಿಗೆ ಬಸವಿ ಬಿಡುವಾಗ, ಗಂಡು ಸಂತಾನವಿಲ್ಲದ ಮನೆಯಲ್ಲಿ ಬಸವಿಯೇ ಮಗನಾಗುತ್ತಿದ್ದಳು. ಆಸ್ತಿಯಲ್ಲಿ ಮಗನ ಪಾಲು, ಸಾವಿನಲ್ಲಿ ಮಗನ ಕರ್ಮ ಎರಡೂ ಅವಳಿಗೆ. ಇನ್ನೂ ಹಿಂದೆ ಹೋದರೆ, ಇದೇ ಮಲಪ್ರಭೆಯ ಸೀಮೆಯ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯ ಎಂಟನೇ ಶತಮಾನದ ಶಾಸನವಿದೆ. ರಾಜನನ್ನು ಮದುವೆಯಾಗದ ಆ ಹೆಣ್ಣು ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರ ಮಾಡಿಸಿಕೊಟ್ಟಳು, ಭೂಮಿ ದಾನ ಮಾಡಿದಳು. ದೇವದಾಸಿ ಪದ್ಧತಿಯನ್ನು ಕಲೆ, ವೈಭವ, ದೇವಸ್ಥಾನದ ಗೌರವ ಎಂದು ಬಣ್ಣಿಸುವವರು ಇಂಥ ಕಲ್ಬರಹಗಳನ್ನು ತೋರಿಸುತ್ತಾರೆ. ಕಲ್ಬರಹ ಸುಳ್ಳಲ್ಲ. ಆದರೆ ದಾನ ಕೊಡಲು ಭೂಮಿ ಇದ್ದ ಹೆಣ್ಣು ಬೇರೆ, ಹೊಟ್ಟೆಗೆ ಐದು ಮನೆ ಜೋಗ ಬೇಡುವ ಹೆಣ್ಣು ಬೇರೆ. ನಮ್ಮ ಪ್ರಕರಣದ ತಾಯಿ ಯಾವ ಗುಡಿಯಲ್ಲೂ ಸೇವೆ ಮಾಡಿದವಳಲ್ಲ. ಯಾವ ದೇವಸ್ಥಾನವೂ ಅವಳಿಗೆ ಒಂದು ಸೇರು ಜೋಳ ಕೊಟ್ಟಿಲ್ಲ. ಮಗನ ದುಡಿಮೆ, ಮಗನ ಕರ್ಮ ಎಲ್ಲವನ್ನೂ ಅವಳಿಂದ ಪಡೆದು, ಮಗನ ಪಾಲನ್ನು ಮಾತ್ರ ಕೊಡದೆ ಬಿಟ್ಟರು. ಕುಣಿತ, ಹಾಡು, ಇತಿಹಾಸ ಎಂದು ಮಾತು ಶುರುವಾದಾಗಲೆಲ್ಲ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ.

ಕಾನೂನಿನಲ್ಲಿ ವಿಷಯ ಸರಳ. ಸಮರ್ಪಣೆ ಅಸಿಂಧು ಎಂದಮೇಲೆ ಅವಳು ಆ ಮನೆಯ ಮಗಳಾಗಿಯೇ ಉಳಿದಳು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಪ್ಪನ ಸ್ವಯಾರ್ಜಿತವಾದರೆ ಮಗಳು ಮೊದಲ ದರ್ಜೆಯ ವಾರಸುದಾರಳು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯ ಪ್ರಕಾರ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಅಂದರೆ ಹಕ್ಕೇ ಇಲ್ಲದ ಅಕ್ಕನ ಮಗಳಿಂದ ಬಿಡುಗಡೆ ಬರೆಸಿಕೊಳ್ಳಲು ಹೊರಟಿದ್ದರು. ಅರ್ಧ ಹಕ್ಕುಳ್ಳ ಅಕ್ಕನನ್ನು ಯಾರೂ ಕೇಳಿಯೇ ಇರಲಿಲ್ಲ.

ತಾಯಿಗೆ ಇದನ್ನು ಹೇಳಿದಾಗ ಅವಳು ಮೊದಲು ನಂಬಲಿಲ್ಲ. ಆಮೇಲೆ ತಮ್ಮನ ಮೇಲೆ ಕೇಸು ಬೇಡ ಎಂದಳು. ಕೇಸು ಬೇಡ, ವಂಶಾವಳಿಯಲ್ಲಿ ನಿನ್ನ ಹೆಸರು ಇರಲಿ, ಅಷ್ಟು ಸಾಕು ಎಂದೆವು. ಮಾವ, ಅವನ ಹೆಂಡತಿ, ದೊಡ್ಡವ್ವ, ಊರಿನ ಇಬ್ಬರು ಹಿರಿಯರು ಕೂತ ಮಾತುಕತೆಯಲ್ಲಿ ಯಾರೂ ನಿರೀಕ್ಷಿಸದ ಮಾತು ದೊಡ್ಡವ್ವನಿಂದ ಬಂತು. ಎಲೆ ಅಡಿಕೆ ಬದಿಗಿಟ್ಟು, ತಂಗಿಯ ಮಗನನ್ನು ನೋಡಿ ಅಂದಳು: 'ಸಾಂಗ್ಲಿಯಿಂದ ರೊಕ್ಕಾ ಬಂದಾಗ ಆಕಿ ದೇವರ ಪಾಲ ಆಗಿದ್ದಿಲ್ಲೇನ್ಲೇ?' ಮಾವ ಉತ್ತರ ಕೊಡಲಿಲ್ಲ. ಅವನ ಹೆಂಡತಿ ಎದ್ದು ಒಳಗೆ ಹೋದಳು.

ಈಗಿನ ಸ್ಥಿತಿ

ವಂಶಾವಳಿ ತಿದ್ದುಪಡಿಯಾಗಿದೆ. ಅಕ್ಕ ತಮ್ಮ ಇಬ್ಬರ ಹೆಸರಿನಲ್ಲೂ ವಾರಸಾ ಹಚ್ಚುವ ಅರ್ಜಿ ಹೋಗಿದೆ. ಮಾವನ ಹೆಂಡತಿ ಮಾತು ಬಿಟ್ಟಿದ್ದಾಳೆ, ಎರಡು ಮನೆಗಳ ನಡುವಿನ ಹಿತ್ತಲಿಗೆ ತಗಡು ಅಡ್ಡ ಬಂದಿದೆ. ಹೊಲದ ಫಸಲು ಹಂಚಿಕೆ ಹೇಗೆಂಬುದು ಇತ್ಯರ್ಥವಾಗಿಲ್ಲ. ಈ ಸಲದ ಕಡಲೆಯನ್ನು ಮಾವನೇ ರಾಶಿ ಮಾಡಿದ, ಎರಡು ಚೀಲ ಅಕ್ಕನ ಮನೆಗೆ ಇಳಿಸಿ ಹೋದ.

ತಾಯಿಯ ಹೆಸರಿನ ಮೇಲೆ ಮಗಳಿಗೆ ಹೊಸ ಜಾತಿ, ಆದಾಯ ಪ್ರಮಾಣಪತ್ರ ಸಿಕ್ಕಿದೆ. ನಾಡಕಚೇರಿಯ ಅರ್ಜಿಯಲ್ಲಿ ತಂದೆಯ ಕಾಲಂ ಖಾಲಿ ಬಿಟ್ಟಾಗ ಮೊದಲ ಸಲ ವಾಪಸ್ ಬಂತು. ತಾಯಿಯ ಪ್ರಮಾಣಪತ್ರ ಮತ್ತು ಮೇಲಿನ ತೀರ್ಪುಗಳ ಪ್ರತಿ ಲಗತ್ತಿಸಿದ ಮೇಲೆ ಆಯಿತು. ಅಂಕಪಟ್ಟಿಯದೇ ದೊಡ್ಡ ತೊಡಕು. ಶಾಲೆಯ ರಿಜಿಸ್ಟರಿನಲ್ಲಿ ಬರೆದ ತಂದೆಯ ಹೆಸರನ್ನು ತಮ್ಮ ಹಂತದಲ್ಲಿ ತೆಗೆಯಲಾಗದು, ಕೋರ್ಟಿನ ಆದೇಶ ತನ್ನಿ ಎಂದರು. ಘೋಷಣಾ ದಾವೆ ಹಾಕಿದ್ದೇವೆ. ಅದರಲ್ಲಿ ಮಾವನೇ ಪ್ರತಿವಾದಿ. ತಾನು ತಂದೆಯಲ್ಲ ಎಂದು ಒಪ್ಪಿಗೆ ಬರೆದುಕೊಡಲು ಸಿದ್ಧನಿದ್ದಾನೆ, ಇದರಲ್ಲಿ ಅವನ ಹಿತವೂ ಇದೆ. ಹುಡುಗಿ ಅಲ್ಲಿಯವರೆಗೆ ಕಾಯದೆ, ಹಳೆಯ ಅಂಕಪಟ್ಟಿಯಲ್ಲೇ ನರ್ಸಿಂಗ್ ಸೇರಿದ್ದಾಳೆ. ಮೊದಲ ವರ್ಷದ ಶುಲ್ಕ ಸಾಲ.

ಪಟ್ಟಿಯ ವಿಷಯ. 2025ರ ಸೆಪ್ಟೆಂಬರ್‌ನಲ್ಲಿ 15 ಜಿಲ್ಲೆಗಳಲ್ಲಿ ಮರು ಸಮೀಕ್ಷೆ ಶುರುವಾದಾಗ ತಾಯಿ ಹೋಗಿ ಹೆಸರು ಬರೆಸಿದಳು. ಅವ್ವ ತೀರಿಕೊಂಡಿರುವುದರಿಂದ ಜೈಲಿನ ಭಯ ಈಗ ಯಾರಿಗೂ ಇಲ್ಲ, ಮುತ್ತು ಕಟ್ಟಿದ ಜೋಗತಿಯೂ ಇಲ್ಲ. ಹನ್ನೆರಡರ ಕೂಸಾಗಿದ್ದ ಅವಳ ಮೇಲೆ ಯಾವ ಅಪರಾಧವೂ ಬರದು ಎಂದು ಬರೆದೇ ಕೊಟ್ಟೆವು. ಯಾವ ವರ್ಷ ಮುತ್ತು ಕಟ್ಟಿದರು ಎಂದು ಕೇಳಿದಾಗ 1998 ಎಂದಳು. ಬರೆದುಕೊಳ್ಳುತ್ತಿದ್ದವರು, ಆಗ ಕಾಯ್ದೆ ಇತ್ತಲ್ಲ, ಹೇಗೆ ಕಟ್ಟಿದರು ಎಂದು ತಲೆಯೆತ್ತಿ ಕೇಳಿದರು. ಪುರಾವೆ ಏನಿದೆ ಎಂದೂ ಕೇಳಿದರು. ಅವಳು ಚೀಲದಿಂದ ಪೌಡರ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಸರದ ಫೋಟೊ ತೆಗೆದುಕೊಂಡರು, ದೊಡ್ಡವ್ವನ ಹೇಳಿಕೆ ಪಡೆದರು. ಹೆಸರು ಅಂತಿಮ ಪಟ್ಟಿಗೆ ಬಂದರೂ ಮಾಸಾಶನಕ್ಕೆ ಈಗಿರುವ ಕನಿಷ್ಠ ವಯಸ್ಸು 45. ಅವಳಿಗೆ ಇನ್ನೂ ವರ್ಷಗಳಿವೆ. ಈ ವಯೋಮಿತಿಯನ್ನು ತೆಗೆಯಬೇಕು ಎಂಬುದು ಈ ಪ್ರಕರಣದಿಂದ ನಾವು ಲಿಖಿತವಾಗಿ ಕೊಟ್ಟಿರುವ ಮೊದಲ ಬೇಡಿಕೆ. ಎರಡನೆಯದು, 1984ರ ನಂತರ ಮುತ್ತು ಕಟ್ಟಿಸಿಕೊಂಡವರು ಸಮೀಕ್ಷೆಯಲ್ಲಿ ಕೊಡುವ ಹೇಳಿಕೆಯನ್ನು ಅವರ ಮನೆಯವರ ಮೇಲಿನ ಮೊಕದ್ದಮೆಗೆ ಬಳಸುವುದಿಲ್ಲ ಎಂಬ ಲಿಖಿತ ಭರವಸೆ, ಅರ್ಜಿಯ ನಮೂನೆಯಲ್ಲೇ ಅಚ್ಚಾಗಿರಬೇಕು. ಅದೇ ಊರಿನ ಇನ್ನೂ ಮೂರು ಮನೆಗಳಲ್ಲಿ ಕಟ್ಟಿಸಿದ ಅವ್ವಂದಿರು ಬದುಕಿದ್ದಾರೆ, ಅವರ ಹೆಣ್ಣುಮಕ್ಕಳು ಹೆಸರು ಬರೆಸಿಲ್ಲ.